ಕಾಶಿಗೆ ಹೊರಟು ಭಿವಂಡಿ ತಲುಪಿದ್ದು

ನಿವೃತ್ತನಾದ ಮರುದಿನ ಬೆಳಿಗ್ಗೆ ನಾನು ಕಾಫಿ ಲೋಟ ಕೆಳಗಿಟ್ಟು, ಹೆಂಡತಿ ವಿಜಯಳ ಸಮಕ್ಷಮದಲ್ಲಿ ಒಂದು ನಿರ್ಣಯ ಮಂಡಿಸಿದೆ. ಇನ್ನು ಈ ಜನ್ಮದಲ್ಲಿ ರೈಲು ಹತ್ತುವುದಿಲ್ಲ.

"ಹತ್ತಬೇಡಿ," ಎಂದಳು ವಿಜಯಾ. "ಈಗ ಕೆಳಗೆ ಹೋಗಿ ಹಾಲು ತನ್ನಿ."

ನಿರ್ಣಯಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷ ನಾನು ಬೆಳಿಗ್ಗೆ ಡೊಂಬಿವಲಿಯಿಂದ ಥಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಆಫೀಸು ಸೇರಿ, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದೆ. ಇಷ್ಟು ವರ್ಷದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಎರಡು ಸಲ. ಒಂದು ಸಲ ಊರೆಲ್ಲ ಬಂದ್ ಇತ್ತು. ಇನ್ನೊಂದು ಸಲ ನಾನು ಕುಳಿತದ್ದು ಕಾರ್‌ಶೆಡ್ಡಿಗೆ ಹೋಗುವ ಖಾಲಿ ಗಾಡಿ ಎಂದು ಹೇಳಿ ಕಳವಾ ಸ್ಟೇಶನ್ನಿನಲ್ಲಿ ಕೆಳಗಿಳಿಸಿದರು. ಇಳಿಯಬೇಕೆಂದ ಕಡೆ ಇಳಿಯಲಾಗದೆ, ನಿಲ್ಲಬೇಕೆಂದ ಕಡೆ ನಿಲ್ಲಲಾಗದೆ ಕಳೆದ ಆ ಆಯುಷ್ಯಕ್ಕೆ ಪರಿಹಾರ ಒಂದೇ ಇತ್ತು. ಕಾರು. ಬೇಕೆಂದಲ್ಲಿ ನಿಲ್ಲಿಸಬಹುದಾದ, ಸ್ವಂತದ ಕಾರು.

ಐರೋಳಿಯಲ್ಲಿರುವ ಮಗಳು ಅಶ್ವಿನಿ ಹೊಸ ಕಾರು ಕೊಂಡಾಗ ಹಳೆಯದನ್ನು ನಮಗೆ ಕೊಟ್ಟಳು. ಅರವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಕಲಿಸಿದವನು ಕೊನೆಯ ದಿನ ನನಗೆ ಕೈಮುಗಿದು, "ಅಂಕಲ್, ಕ್ಲಚ್ ಮೇಲಿಂದ ಕಾಲು ತೆಗೀರಿ, ಅಷ್ಟೇ ನನ್ನ ಕೋರಿಕೆ," ಎಂದ. ಅದನ್ನು ನಾನು ಶಿಷ್ಯನ ಮೇಲಿನ ಪ್ರೀತಿ ಎಂದು ತಿಳಿದೆ.

ಮೊದಲ ಪ್ರಯಾಣ ಕಾಶಿಗೆ ಎಂದು ನಿಶ್ಚಯವಾಯಿತು. ನಿಶ್ಚಯಿಸಿದವನು ನಾನೇ. ಡೊಂಬಿವಲಿಯಿಂದ ಕಾಶಿ, ಹನ್ನೊಂದು ದಿನ. ಗುರಿಗಿಂತ ದಾರಿ ಮುಖ್ಯ ಎಂದು ಸೊಸೈಟಿಯಲ್ಲಿ ಸಿಕ್ಕವರಿಗೆಲ್ಲ ಹೇಳತೊಡಗಿದೆ. ನಾಲ್ಕು ತಿಂಗಳು ವಿಡಿಯೋ ನೋಡಿ, ನಕಾಶೆ ನೋಡಿ, ಒಂದು ಉದ್ದ ರಿಜಿಸ್ಟರಿನಲ್ಲಿ ದಾರಿಯ ನೋಡತಕ್ಕ ಸ್ಥಳಗಳನ್ನು ಬರೆದೆ. ಅರವತ್ತಮೂರು ಸ್ಥಳಗಳು. ಪ್ರತಿಯೊಂದಕ್ಕೂ ಚರಿತ್ರೆ, ಧರ್ಮ, ತಿಂಡಿ ಎಂಬ ಮೂರು ಕಾಲಮ್ಮು, ಕೊನೆಯಲ್ಲಿ ಹತ್ತಕ್ಕೆ ಎಷ್ಟು ಎಂಬ ಅಂಕ. ಆಫೀಸಿನಲ್ಲಿ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದರೆ ಇನ್ನೊಂದು ಪ್ರಮೋಶನ್ ಸಿಗುತ್ತಿತ್ತು.

ಈ ಅರವತ್ತಮೂರರಲ್ಲಿ ವಿಜಯಾ ಕೇಳಿದ್ದು ಒಂದೇ ಒಂದು.

"ಭುಸಾವಳದಲ್ಲಿ ನಿಲ್ಲಿಸ್ಬೇಕು. ಶಾಂತಾ ಮಾವಶಿಯನ್ನು ನೋಡ್ಲಿಕ್ಕೆ."

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಶಾಂತಾ ಮಾವಶಿ ಅವಳಿಗೆ ರಕ್ತಸಂಬಂಧಿಯಲ್ಲ. ವಿಜಯಳ ಅಪ್ಪ ಉಡುಪಿಯಿಂದ ಬಂದು ಭುಸಾವಳ ಸ್ಟೇಶನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ವಿಜಯಳಿಗೆ ಆರು ವರ್ಷವಾಗಿದ್ದಾಗ ಅವಳ ಅಮ್ಮನಿಗೆ ಕ್ಷಯ ಬಂದು ಎರಡು ವರ್ಷ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಆ ಎರಡು ವರ್ಷ ಪಕ್ಕದ ಕೋಣೆಯ ಈ ಮರಾಠಿ ಹೆಂಗಸು ತನ್ನ ಮೂರು ಮಕ್ಕಳ ಜೊತೆ ನಾಲ್ಕನೆಯದಾಗಿ ವಿಜಯಳನ್ನು ಸಾಕಿದಳು. ಜಡೆ ಹಾಕಿದಳು, ಶಾಲೆಗೆ ಕಳಿಸಿದಳು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡಳು. ಆಮೇಲೆ ಅಪ್ಪ ಊರಿಗೆ ಮರಳಿದರು, ವಿಜಯಳಿಗೆ ಮದುವೆಯಾಯಿತು, ಡೊಂಬಿವಲಿಗೆ ಬಂದಳು. ಹೋಗಿ ನೋಡುವಾ ಎಂದು ಅವಳು ಆಗಾಗ ಹೇಳುತ್ತಿದ್ದಳು. ರಜೆ ಇಲ್ಲ ಎಂದು ನಾನು ಆಗಾಗ ಹೇಳುತ್ತಿದ್ದೆ. ಹೀಗೆ ಮೂವತ್ತಾರು ವರ್ಷವಾಯಿತು. ಹಿಂದಿನ ತಿಂಗಳು ಮಾವಶಿಯ ಮೊಮ್ಮಗ ಹೇಗೋ ನಂಬರ್ ಹುಡುಕಿ ಫೋನ್ ಮಾಡಿದ. ಅಜ್ಜಿಯನ್ನು ಅವಳ ಮಗ ಮುಂದಿನ ತಿಂಗಳು ರಾಯಪುರಕ್ಕೆ ಕರೆದುಕೊಂಡು ಹೋಗುತ್ತಾನೆ, ಇನ್ನು ಭುಸಾವಳಕ್ಕೆ ಬರುವುದಿಲ್ಲ, ಸೋಮವಾರ ಬೆಳಿಗ್ಗೆ ರೈಲು, ಭಾನುವಾರ ಬಂದರೆ ಸಿಗುತ್ತಾಳೆ ಎಂದ.

ನಾನು ರಿಜಿಸ್ಟರ್ ತೆರೆದು ಬರೆದೆ. ಭುಸಾವಳ: ಚರಿತ್ರೆ ಇಲ್ಲ, ಧರ್ಮ ಇಲ್ಲ, ತಿಂಡಿ ಬಾಳೆಹಣ್ಣು. ಹತ್ತಕ್ಕೆ ಎರಡು. ಆದರೂ ಅರ್ಜಿದಾರಳ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸಿ ಏಳನೆಯ ಕ್ರಮಾಂಕ ನೀಡಲಾಗಿದೆ.

"ರೈಲಲ್ಲಿ ಹೋಗುವ," ಎಂದಳು ವಿಜಯಾ. "ಕಲ್ಯಾಣದಲ್ಲಿ ಹತ್ತಿದರೆ ಆರು ಗಂಟೆ. ಮಾವಶಿಯನ್ನು ನೋಡಿಕೊಂಡು ಬಂದು ಮತ್ತೆ ಬೇಕಾದ್ರೆ ಕಾಶಿಗೆ ಕಾರಲ್ಲಿ ಹೋಗುವ."

"ಕಾರಲ್ಲಿ ಎಂಟೇ ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆ ನಿನ್ನ ಮಾವಶಿಯ ಮನೆ."

"ನಡುವೆ ನಿಮ್ಮದು ಆರು ಜಾಗ ಉಂಟಲ್ಲ?"

"ಅವೆಲ್ಲ ದಾರಿಯಲ್ಲೇ ಇರುವುದು, ಮಾರಾಯ್ತಿ."

ಭಾನುವಾರ ಆರು ಗಂಟೆಗೆ ಹೊರಡಬೇಕಾದವರು ಏಳಕ್ಕೆ ಹೊರಟೆವು. ಕೆಳಗಿನ ಮನೆಯ ನಾಡಗೌಡರು ಬೀಳ್ಕೊಡಲು ಗೇಟಿನ ಹತ್ತಿರ ನಿಂತಿದ್ದರು. ಅವರು ವಿಜಾಪುರದ ಕಡೆಯವರು, ಹೊಗಳುವ ಅಭ್ಯಾಸ ಇಲ್ಲದವರು. ನಾನು ಗೇಟಿನಲ್ಲೇ ಎರಡು ಸಲ ಕಾರು ಬಂದ್ ಬೀಳಿಸಿದ್ದನ್ನು ನೋಡಿ ಕಿಟಕಿಯ ಬಳಿ ಬಗ್ಗಿದರು.

"ರಾಯರ, ಕಾಶೀದು ಆಮ್ಯಾಲೆ ನೋಡೋಣಂತ. ಮೊದಲ ಕಲ್ಯಾಣ ದಾಟಿ ಒಂದು ಫೋನ್ ಹಚ್ರಿ."

ಕಲ್ಯಾಣ ದಾಟುವ ಮೊದಲೇ ನನ್ನ ಮೊದಲನೆಯ ಸ್ಥಳ ಇತ್ತು. ಕಾಳಾ ತಲಾವ್, ಕೆರೆಯ ಮೇಲೆ ಸೂರ್ಯೋದಯ, ಹತ್ತಕ್ಕೆ ಏಳೂವರೆ. ನಾವು ತಲುಪುವಾಗ ಸೂರ್ಯ ತನ್ನ ಕೆಲಸ ಮುಗಿಸಿ ತಲೆಯ ಮೇಲೆ ಬರುವ ತಯಾರಿಯಲ್ಲಿದ್ದ. ಆದರೂ ನಾನು ವಿಜಯಳನ್ನು ಕೆರೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಅವಳು ಎದೆಗವಚಿಕೊಂಡಿದ್ದ ಚೀಲ ಕೆಳಗಿಡು ಎಂದೆ, ಇಡಲಿಲ್ಲ. ಅದರಲ್ಲಿ ಮಾವಶಿಗೆಂದು ತಂದ ಒಂಬತ್ತು ಗಜದ ಸೀರೆ, ಅವಳೇ ಮಾಡಿದ ಕಾಯಿಹೋಳಿಗೆ ಇದ್ದವು. ವಾಪಸು ಬಂದಾಗ ನಮ್ಮ ಕಾರಿನ ಹಿಂದೆ ಒಂದು ಹಾಲಿನ ಟೆಂಪೋ ನಿಂತಿತ್ತು. ಚಾಲಕ ಎಲ್ಲೋ ಚಹಾ ಕುಡಿಯುತ್ತಿದ್ದ. ಅವನನ್ನು ಹುಡುಕುವುದರಲ್ಲಿ ಎಂಟು ಗಂಟೆಯಾಯಿತು.

"ಇನ್ನು ಸೀದಾ ಹೋಗುವ, ಅಲ್ವಾ?" ಎಂದಳು ವಿಜಯಾ.

"ಸೀದಾ. ಟಿಟ್ವಾಳಾ ಗಣಪತಿಯ ದರ್ಶನ ಒಂದು ಮಾಡಿ."

"ಇವತ್ತು ಸಂಕಷ್ಟಿ. ನಾನು ಉಪವಾಸ ಅಂತ ನಿನ್ನೆಯೇ ಹೇಳಿದ್ದೇನೆ. ಇವತ್ತು ಅಲ್ಲಿ ಜನ ಎಷ್ಟು ಇರ್ತಾರೆ ಗೊತ್ತುಂಟಾ?"

"ಸಂಕಷ್ಟಿಯ ದಿನವೇ ನಮಗೆ ದರ್ಶನ ಒದಗಿದ್ದು ಭಾಗ್ಯ ಅಲ್ವಾ?"

ಭಾಗ್ಯವಂತರ ಸಂಖ್ಯೆ ಬಹಳ ದೊಡ್ಡದಿತ್ತು. ಸಾಲು ದೇವಸ್ಥಾನದಿಂದ ಹೊರಟು, ಕೆರೆ ಬಳಸಿ, ಅಂಗಡಿಗಳ ಮುಂದಿನಿಂದ ತಿರುಗಿ, ನಾವು ಕಾರು ನಿಲ್ಲಿಸಿದ ಜಾಗಕ್ಕೇ ಬಂದು ನಿಂತಿತ್ತು. ಪಾರ್ಕಿಂಗಿನಿಂದಲೇ ಸಾಲು ಸಿಕ್ಕಿತು ಎಂದು ನಾನು ಸಂತೋಷಪಟ್ಟೆ. ಒಂದು ಗಂಟೆಯಾದ ಮೇಲೆ ವಿಜಯಾ, "ಹೊರಗಿನಿಂದ ಕೈಮುಗಿದು ಹೋಗುವ," ಎಂದಳು. ಅರ್ಧ ಸಾಲು ನಿಂತ ಮನುಷ್ಯ ಅದನ್ನು ಬಿಟ್ಟು ಹೋಗುವುದೆಂದರೇನು? ನನ್ನ ಇಡೀ ನೌಕರಿಯಲ್ಲಿ ನಾನು ಯಾವ ಸಾಲನ್ನೂ ಬಿಟ್ಟವನಲ್ಲ.

ಹತ್ತು ಗಂಟೆಗೆ ವಿಜಯಳಿಗೆ ಮಾವಶಿಯ ಫೋನ್ ಬಂತು. ಅವಳು ಸಾಲಿನಿಂದ ಸ್ವಲ್ಪ ಸರಿದು ಮರಾಠಿಯಲ್ಲಿ ಮಾತಾಡಿದಳು. ಮೂವತ್ತಾರು ವರ್ಷ ಜೊತೆಗೆ ಬಾಳಿದ ನನಗೆ ಆ ಧ್ವನಿ ಹೊಸದು. ಐವತ್ತೊಂಬತ್ತರ ಹೆಂಗಸು ಆರು ವರ್ಷದವಳ ಹಾಗೆ "ಹೋ ಮಾವಶಿ, ಹೋ ಮಾವಶಿ" ಎಂದು ಹೂಂಗುಟ್ಟುತ್ತಿದ್ದಳು.

"ಎಂತ ಅಂತೆ?" ಎಂದೆ.

"ವಿಜೂ, ಹೊರಟೆಯಾ ಅಂತ ಕೇಳಿದರು. ಹೊರಟಾಯ್ತು ಅಂತ ಹೇಳಿದೆ."

ದರ್ಶನ ಮುಗಿಸಿ ಹೊರಬಂದಾಗ ಹನ್ನೊಂದೂಕಾಲು. ದರ್ಶನ ಎಂದರೆ ಮುಂದಿನವನ ಹೆಗಲ ಮೇಲಿಂದ ಒಂದು ಹೂವಿನ ರಾಶಿ ಕಂಡಿತು. ಮನೆಯಿಂದ ನಾವು ಆಗ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಬಂದಿದ್ದೆವು.

ಟಿಟ್ವಾಳಾದಿಂದ ಒಳದಾರಿಯಲ್ಲಿ ಹೋಗಿ ಹೆದ್ದಾರಿ ಸೇರಿದೆವು. ಬಲಕ್ಕೆ ತಿರುಗಿದರೆ ನಾಸಿಕ್. ಎಡಕ್ಕೆ ತಿರುಗಿದರೆ ಭಿವಂಡಿ. ಇಲ್ಲಿ ನಾನು ಮಾಡಿದ್ದನ್ನು ಇವತ್ತಿಗೂ ನನಗೆ ನಾನೇ ವಿವರಿಸಲಾರೆ. ಎಡಕ್ಕೆ ತಿರುಗಿದೆ.

"ನಾಸಿಕ್ ಆ ಕಡೆ ಅಂತ ಬರೆದದ್ದು ಕಾಣ್ತಾ ಉಂಟು," ಎಂದಳು ವಿಜಯಾ.

ಮೂರನೆಯ ಕ್ರಮಾಂಕ, ಹತ್ತಕ್ಕೆ ಒಂಬತ್ತೂವರೆ. ಒಂದು ವಿಡಿಯೋದಲ್ಲಿ ನೋಡಿದ್ದೆ. ಸಾವಿರಾರು ಪವರ್‌ಲೂಮುಗಳ ನಡುವೆ ಭಿವಂಡಿಯ ಯಾವುದೋ ಗಲ್ಲಿಯಲ್ಲಿ ಒಬ್ಬ ಮುದುಕ ಇನ್ನೂ ಕೈಮಗ್ಗದಲ್ಲಿ ಸೀರೆ ನೇಯುತ್ತಾನಂತೆ, ಕೊನೆಯ ನೇಕಾರನಂತೆ. ಸೊಸೈಟಿಯಲ್ಲಿ ಯಾರೂ ಅವನನ್ನು ನೋಡಿಲ್ಲ. ನಾನು ನೋಡಿಬಂದೆ ಎಂದು ಹೇಳುವ ಗಳಿಗೆಯನ್ನು ನಾಲ್ಕು ತಿಂಗಳಿಂದ ಕಲ್ಪಿಸಿಕೊಂಡಿದ್ದೆ. ವಿಜಯಳಿಗೆ ಹಾಗೆ ಹೇಳಲಾಗುತ್ತದೆಯೇ?

"ನಿನ್ನ ಮಾವಶಿಗೇ ಒಂದು ಒಳ್ಳೆಯ ಕೈಮಗ್ಗದ ಸೀರೆ ತಕ್ಕೊಳ್ಳುವ ಅಂತ," ಎಂದೆ.

"ಸೀರೆ ನನ್ನ ಚೀಲದಲ್ಲಿ ಉಂಟು."

"ಅದು ಅಂಗಡಿಯದ್ದು."

ಅವಳು ಆಮೇಲೆ ಮಾತಾಡಲಿಲ್ಲ. ಒಪ್ಪಿಗೆ ಎಂದುಕೊಂಡೆ.

ಭಿವಂಡಿಯ ಆ ಗಲ್ಲಿಗಳಲ್ಲಿ ಎರಡೂ ಬದಿಗೆ ಪವರ್‌ಲೂಮಿನ ಶೆಡ್ಡುಗಳು. ಒಳಗಿನ ಖಟಖಟ ಸದ್ದಿಗೆ ನೆಲ ಸಣ್ಣಗೆ ನಡುಗುತ್ತದೆ. ನಾನು ಕಿಟಕಿ ಇಳಿಸಿ ದಾರಿ ಕೇಳಿದರೆ ಜನರಿಗೆ ನನ್ನ ಪ್ರಶ್ನೆ ಕೇಳುತ್ತಿರಲಿಲ್ಲ, ನನಗೆ ಅವರ ಉತ್ತರ ಕೇಳುತ್ತಿರಲಿಲ್ಲ. ಎಲ್ಲರೂ ಸೌಜನ್ಯದಿಂದ ಒಂದೊಂದು ದಿಕ್ಕಿಗೆ ಕೈತೋರಿಸಿದರು. ನಾನು ಎಲ್ಲ ದಿಕ್ಕಿಗೂ ಹೋದೆ. ಗಲ್ಲಿ ಕಿರಿದಾಗುತ್ತ ಹೋಯಿತು. ಕೊನೆಗೆ ಎದುರಿನಿಂದ ನೂಲಿನ ಉರುಳೆಗಳನ್ನು ಹೇರಿಕೊಂಡ ಟೆಂಪೋ ಬಂತು. ಬಲಕ್ಕೆ ಗೋಡೆ, ಎಡಕ್ಕೆ ಗಟಾರ. ನಾನು ಹಿಂದೆ ಬಂದೆ, ಮುಂದೆ ಹೋದೆ, ಮತ್ತೆ ಹಿಂದೆ ಬಂದೆ. ಇಪ್ಪತ್ತು ನಿಮಿಷ ಈ ಸೇವೆ ನಡೆಯಿತು. ಕಾರಿನೊಳಗೆ ಸುಟ್ಟ ವಾಸನೆ ಬಂತು.

"ಹೊರಗಿನ ಕಾರ್ಖಾನೆಯದ್ದು," ಎಂದೆ.

ಕಾರ್ಖಾನೆಯದ್ದಲ್ಲ. ಕ್ಲಚ್ ಪ್ಲೇಟು. ಇಂಜಿನ್ ಗರ್ಜಿಸುತ್ತಿತ್ತು, ಕಾರು ಮಾತ್ರ ಇದ್ದಲ್ಲೇ ಇತ್ತು. ಟೆಂಪೋದವರು, ಲೂಮಿನವರು, ದಾರಿಹೋಕರು, ಹತ್ತು ಹನ್ನೆರಡು ಜನ ಸೇರಿ ನಮ್ಮನ್ನು ಕಾರಿನ ಸಮೇತ ತಳ್ಳಿ ಒಂದು ಶೆಡ್ಡಿನ ಅಂಗಳಕ್ಕೆ ಮುಟ್ಟಿಸಿದರು.

ಶೆಡ್ಡಿನ ಮಾಲೀಕರು ಬಿಳಿ ಗಡ್ಡದ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಮ್ಮನ್ನು ಕೂರಿಸಿ ಚಹಾ ತರಿಸಿ, ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ನಾನು ಬಂದ ಉದ್ದೇಶ ತಿಳಿಸಿ ಆ ನೇಕಾರನ ವಿಡಿಯೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

"ಸಾಹೇಬ್, ಯೇ ತೋ ಹಮಾರೇ ಅಬ್ಬಾ ಹೈಂ," ಎಂದರು.

ಅಬ್ಬಾ, ಅಂದರೆ ಅವರ ಅಪ್ಪ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗ್ಗವಿದ್ದ ಜಾಗದಲ್ಲಿ ಈಗ ಲೂಮು. ಯಾರೋ ಹಳೆಯ ಚಿತ್ರವನ್ನು ಹೊಸ ವಿಡಿಯೋ ಎಂದು ಹಾಕಿದ್ದರು. ಕೊನೆಯ ನೇಕಾರನನ್ನು ನೋಡಲು ನಾನು ಒಂಬತ್ತು ವರ್ಷ ತಡವಾಗಿ ಬಂದಿದ್ದೆ. ಅಂದು ನಾನು ತಡವಾಗಿದ್ದು ಅವನೊಬ್ಬನಿಗೇ ಆಗಿದ್ದರೆ ಈ ಕಥೆ ಇಲ್ಲಿಗೆ ನಗುತ್ತ ಮುಗಿಯುತ್ತಿತ್ತು.

ಮೆಕ್ಯಾನಿಕ್ ಕಾರಿನ ಕೆಳಗಿಂದ ಹೊರಬಂದು, ಪಾರ್ಟ್ ನಾಳೆ ಸಿಗುತ್ತದೆ, ನಾಳೆ ಮಧ್ಯಾಹ್ನ ಗಾಡಿ ಸಿಗುತ್ತದೆ ಎಂದ. ಆಗ ಗಂಟೆ ಒಂದೂವರೆ. ಅದೇ ಹೊತ್ತಿಗೆ ವಿಜಯಳಿಗೆ ಮತ್ತೆ ಫೋನ್ ಬಂತು. ಈ ಸಲ ಅವಳು ಎದ್ದು ಹೋಗಲಿಲ್ಲ. ಸುತ್ತ ಲೂಮುಗಳ ಖಟಖಟ. ಅವಳು ಒಂದು ಕಿವಿ ಮುಚ್ಚಿಕೊಂಡು ಕೂಗಿ ಮಾತಾಡಿದಳು. ಆಮೇಲೆ, "ಹೋ ಮಾವಶಿ, ಗಾಡೀತಚ್ ಆಹೇ," ಎಂದಳು. ರೈಲಿನಲ್ಲೇ ಇದ್ದೇನೆ ಎಂದು.

ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ಈ ಸದ್ದು ಕೇಳಿ ರೈಲಾ ಅಂತ ಕೇಳಿದರು. ಹೌದು ಅಂತ ಹೇಳಿದೆ. ಬಾಗಿಲ ಹತ್ತಿರ ನಿಲ್ಲಬೇಡ ಅಂತ ಹೇಳಿದರು."

ನಾನು ಸಮಾಧಾನದ ಸ್ವರದಲ್ಲಿ ಹೇಳಿದೆ. "ಒಂದು ಟ್ಯಾಕ್ಸಿ ಮಾಡುವ. ಇಲ್ಲಿಂದ ಹೊರಟರೆ ರಾತ್ರಿ ಹತ್ತಕ್ಕೆ ಮುಟ್ಟಬಹುದು. ಎರಡಕ್ಕೆ ಹೋಗುವ ಬದಲು ಹತ್ತಕ್ಕೆ. ಎಂತ ದೊಡ್ಡ ವ್ಯತ್ಯಾಸ?"

ವಿಜಯಾ ನನ್ನನ್ನು ನೋಡಿದಳು. "ಹೊತ್ತು ಕಂತಿದ ಮೇಲೆ ಮಾವಶಿಗೆ ಯಾರದ್ದೂ ಗುರ್ತ ಸಿಗುವುದಿಲ್ಲ. ವರ್ಷವಾಯ್ತು ಹಾಗೆ. ಹಗಲು ಮಾತ್ರ ನೆನಪು ಇರ್ತದೆ, ಮಧ್ಯಾಹ್ನ ಎಲ್ಲಕ್ಕಿಂತ ಚೆನ್ನಾಗಿ. ಅದಕ್ಕೇ ಊಟದ ಹೊತ್ತಿಗೆ ಬನ್ನಿ ಅಂತ ಮೊಮ್ಮಗ ಹೇಳಿದ್ದು. ನಿಮಗೆ ನಾನು ಮೂರು ಸಲ ಹೇಳಿದ್ದೇನೆ."

"ಯಾವಾಗ ಹೇಳಿದೆ?"

"ನೀವು ಬರೀತಾ ಇದ್ರಿ."

ಅವಳು ಚೀಲ ಎತ್ತಿಕೊಂಡು ಎದ್ದಳು. "ನಾನು ಕಲ್ಯಾಣಕ್ಕೆ ಹೋಗಿ ಸಿಕ್ಕಿದ ರೈಲು ಹತ್ತುತ್ತೇನೆ. ರಾತ್ರಿ ಗುರ್ತ ಸಿಗದಿದ್ದರೆ ಬೇಡ. ಬೆಳಿಗ್ಗೆ ಹೊರಡುವ ಮೊದಲು ಒಂದು ಗಳಿಗೆ ಸಿಕ್ಕಿದರೂ ಸಾಕು."

"ನಾನೂ ಬರ್ತೇನೆ," ಎಂದೆ. ಆದರೆ ಹಾಗೆ ಹೇಳುವ ಮೊದಲು ಒಂದು ಕ್ಷಣ ಕಾರಿನ ಕಡೆ ನೋಡಿದೆ. ನೋಡಿದ್ದನ್ನು ಅವಳು ನೋಡಿದಳು.

"ಬೇಡ," ಎಂದಳು. "ನಿಮಗೆ ಪ್ರತಿಜ್ಞೆ ಉಂಟಲ್ಲ."

ಚಾಚಾ ತಾವೇ ಗಲ್ಲಿಯ ತುದಿಯವರೆಗೆ ನಡೆದು ರಿಕ್ಷಾ ಹಿಡಿದು, ಬೆಹನ್‌ಜೀಯನ್ನು ಸ್ಟೇಶನ್ನಿನ ಮೆಟ್ಟಿಲ ಹತ್ತಿರವೇ ಇಳಿಸಬೇಕು ಎಂದು ಚಾಲಕನಿಗೆ ತಾಕೀತು ಮಾಡಿದರು. ಅಪರಿಚಿತ ಮನುಷ್ಯ ಅಷ್ಟು ಮಾಡಿದ. ಗಂಡನಾದ ನಾನು ಚಹಾ ಲೋಟ ಹಿಡಿದುಕೊಂಡು ನಿಂತಿದ್ದೆ.

ಮನೆಗೆ ಮರಳಬಹುದಿತ್ತು. ಡೊಂಬಿವಲಿ ಅಲ್ಲಿಂದ ಒಂದು ಗಂಟೆ. ಆದರೆ ಗೇಟಿನಲ್ಲಿ ನಾಡಗೌಡರು ಇರುತ್ತಾರೆ. ಬೆಳಿಗ್ಗೆ ಕಾಶಿಗೆ ಹೋದ ಮನುಷ್ಯ ಸಂಜೆಯ ಚಹಾಕ್ಕೆ ಮರಳುವುದು ಹೇಗೆ? ಭಿವಂಡಿ ನಾಕಾದ ಹತ್ತಿರ ಒಂದು ಲಾಡ್ಜ್ ಹಿಡಿದೆ. ಸ್ವಂತ ಮನೆಯ ಸಮೀಪದಲ್ಲೇ ಅಜ್ಞಾತವಾಸ. ಸಂಜೆ ಬಾಗಿಲಲ್ಲಿ ನಿಂತಿದ್ದಾಗ ನಾಡಗೌಡರದ್ದೇ ಫೋನ್.

"ಎಲ್ಲಿದ್ದೀರಿ ರಾಯರ?"

"ನಾಸಿಕ್ ದಾಟಿದೆವು," ಎಂದೆ. ಆ ಕ್ಷಣಕ್ಕೆ ಸರಿಯಾಗಿ ಎದುರಿನ ಸ್ಟ್ಯಾಂಡಿನಲ್ಲಿ ರಿಕ್ಷಾದವನೊಬ್ಬ "ಕಲ್ಯಾಣ್, ಕಲ್ಯಾಣ್, ಏಕ್ ಸೀಟ್ ಕಲ್ಯಾಣ್" ಎಂದು ಗಂಟಲು ಹರಿಯುವಂತೆ ಕೂಗಿದ.

"ಹೌದ್ರಿ," ಎಂದರು ನಾಡಗೌಡರು. "ಆರಾಮ ಹೋಗ್ಬರ್ರಿ."

ಅವರು ಬೈದಿದ್ದರೆ ವಾಸಿಯಿತ್ತು. ಹತ್ತು ನಿಮಿಷದ ನಂತರ ಅಶ್ವಿನಿ ಫೋನ್ ಮಾಡಿದಳು. ಅವಳು ನಮ್ಮ ಕನ್ನಡಕ್ಕೆ ಯಾವಾಗಲೂ ಮರಾಠಿಯಲ್ಲೇ ಉತ್ತರಿಸುವವಳು. "ಬಾಬಾ, ತುಮ್ಚಂ ಲೊಕೇಶನ್ ಭಿವಂಡಿ ದಾಖವ್ತಂಯ್. ಆಯಿಚಂ ನಾಸಿಕ್." ನನ್ನದು ಭಿವಂಡಿ ತೋರಿಸುತ್ತಿದೆ, ಅಮ್ಮನದು ನಾಸಿಕ್. ಯಾಕೆ ಎಂದು ಕೇಳಿದಳು. ನೆಟ್‌ವರ್ಕ್ ಸರಿ ಇಲ್ಲ ಎಂದೆ. ಒಂದೇ ಕಾರಿನಲ್ಲಿರುವ ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿರುವಷ್ಟು ಕೆಟ್ಟ ನೆಟ್‌ವರ್ಕ್ ಎಲ್ಲಿಯೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು.

ಸೋಮವಾರ ಒಂದು ಗಂಟೆಗೆ ಕಾರು ಸಿಕ್ಕಿತು. ವಿಜಯಳಿಂದ ಒಂದೇ ಒಂದು ಸಂದೇಶ ಬಂದಿತ್ತು. ನಾಲ್ಕು ಗಂಟೆಗೆ ಕಲ್ಯಾಣ. ಮೂರಕ್ಕೇ ಹೋಗಿ, ಸ್ಟೇಶನ್ನಿನ ಹತ್ತಿರದ ಪಾರ್ಕಿಂಗಿನಲ್ಲಿ ಕಾರು ತುರುಕಿ, ಹೊರಗೆ ನಿಂತೆ. ಜನರ ನಡುವಿನಿಂದ ಅವಳು ಬಂದಳು. ಚೀಲ ಖಾಲಿಯಾಗಿತ್ತು, ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಚೀಲ ಖಾಲಿಯಾದದ್ದು ನೋಡಿ, ಎಲ್ಲ ಸರಿಹೋಯಿತು ಎಂದುಕೊಂಡೆ. ಆ ಧೈರ್ಯದಲ್ಲಿ, ನನ್ನ ಜೀವನದ ಅತ್ಯಂತ ಮೂರ್ಖ ವಾಕ್ಯವನ್ನು ಹೇಳಿದೆ.

"ಇನ್ನೂ ಹತ್ತು ದಿನ ಉಂಟು. ಇಲ್ಲಿಂದಲೇ ಕಾಶಿಗೆ ಹೊರಡುವುದಾ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ನಾನೂ ಕುಳಿತೆ. ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಅವಳು ರಸ್ತೆ ನೋಡುತ್ತ ಹೇಳಿದಳು.

"ನಿನ್ನೆ ಹೊತ್ತು ಕಂತುವವರೆಗೆ ಬಾಗಿಲಲ್ಲೇ ಕೂತಿದ್ದರಂತೆ. ಊಟ ಮಾಡಿರಲಿಲ್ಲ. ವಿಜೂ ಬರಲಿ ಅಂತ. ನಾನು ಹೋಗುವಾಗ ಮಲಗಿಸಿದ್ದರು. ಬೆಳಿಗ್ಗೆ ಐದಕ್ಕೆ ಎಬ್ಬಿಸಿದರು, ರೈಲಿಗೆ ಹೊತ್ತಾಗ್ತದೆ ಅಂತ. ನಾನೇ ಸ್ನಾನ ಮಾಡಿಸಿದೆ, ನಾನೇ ಸೀರೆ ಉಡಿಸಿದೆ. ನೀನು ಯಾರ ಮನೆಯವಳು ಮಗಾ ಅಂತ ಕೇಳಿದರು. ಇವತ್ತು ನನ್ನ ವಿಜೂ ಬರ್ತಾಳೆ, ರೈಲಿನಲ್ಲಿದ್ದಾಳೆ, ನೀನು ಅವಳನ್ನು ನೋಡಿಕೊಂಡೇ ಹೋಗು ಅಂತ ಹೇಳಿದರು."

"ನೀನು ಹೇಳಬಹುದಿತ್ತಲ್ಲ, ನಾನೇ ವಿಜೂ ಅಂತ."

"ಹೇಳಿದೆ. ನಕ್ಕರು. ವಿಜೂ ಸಣ್ಣವಳು ಅಂತ ಹೇಳಿದರು."

ಕಂಕುಳಿನ ಚೀಲವನ್ನು ತೊಡೆಯ ಮೇಲಿಟ್ಟು ಮತ್ತೆ ಹೇಳಿದಳು. "ಸ್ಟೇಶನ್ನಿಗೆ ಹೊರಡ್ಲಿಕ್ಕೇ ಒಪ್ಪಲಿಲ್ಲ. ವಿಜೂ ಬಂದರೆ ಮನೆಗೆ ಬೀಗ ಇರ್ತದೆ ಅಂತ ಅಳ್ಲಿಕ್ಕೆ ಶುರು ಮಾಡಿದರು. ನಾನು ಇಲ್ಲೇ ಇರ್ತೇನೆ, ವಿಜೂ ಬಂದರೆ ಬಾಗಿಲು ತೆಗೀತೇನೆ ಅಂತ ಮಾತು ಕೊಟ್ಟ ಮೇಲೆ ಹೋದದ್ದು."

ನಾನು ಕ್ಷಮೆ ಕೇಳಬೇಕಿತ್ತು. ಆಫೀಸಿನಲ್ಲಿ ಎಷ್ಟೋ ವಿಷಾದಪತ್ರಗಳನ್ನು ಡ್ರಾಫ್ಟ್ ಮಾಡಿದ್ದೇನೆ. ಅಲ್ಲಿ ಮೆಟ್ಟಿಲ ಮೇಲೆ ಒಂದು ಸಾಲೂ ಹೊರಡಲಿಲ್ಲ. ಕೊನೆಗೆ ಹೊರಟದ್ದು ಇಷ್ಟು. "ಕಾರು ಅಲ್ಲಿ ಉಂಟು. ಬಾ, ಮನೆಗೆ ಹೋಗುವ."

ವಿಜಯಾ ಎದ್ದು ಸೆರಗು ಸರಿಮಾಡಿಕೊಂಡಳು. ರಿಕ್ಷಾ ಸ್ಟ್ಯಾಂಡಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. ಅವಳ ಸ್ವರದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ನಾನು ರಿಕ್ಷಾದಲ್ಲಿ ಹೋಗ್ತೇನೆ," ಎಂದಳು. "ನಿಮಗೆ ದಾರಿಯಲ್ಲಿ ಎಂತಾದ್ರೂ ನೋಡ್ಲಿಕ್ಕೆ ಉಂಟಾದ್ರೆ ನೋಡಿಕೊಂಡು ಬನ್ನಿ."

ಅವಳು ಅರ್ಧ ಗಂಟೆಯಲ್ಲಿ ಮನೆ ಸೇರಿ ಅಡುಗೆಗೆ ಇಟ್ಟಿದ್ದಳಂತೆ. ನನ್ನ ಕಾರಿನ ಹಿಂದೆ ಬೇರೆ ಮೂವರು ಕಾರು ನಿಲ್ಲಿಸಿ ಹೋಗಿದ್ದರು. ಅವರು ಬರುವವರೆಗೆ ನಾನು ಸ್ಟೀರಿಂಗ್ ಹಿಡಿದುಕೊಂಡು, ಹೋಗಿಬರುವ ರೈಲುಗಳನ್ನು ನೋಡುತ್ತ, ಅಲ್ಲೇ ಕುಳಿತಿದ್ದೆ.